ಅಪ್ಪಾಜಿಯ ನೆನಪಿನ ಪುಸ್ತಕ ಮುಗಿಯುತ್ತಿಲ್ಲ

(ಕುಟುಂಬದ ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಬಂದವರು ಶಿವಮೊಗ್ಗ ಸೀಮೆಯ ಅಡಿಕೆ ಮಂಡಿ ವ್ಯಾಪಾರಿ. ವಯಸ್ಸು ಐವತ್ತರ ಆಸುಪಾಸು. ಎದೆ ಭಾರ, ನಡುರಾತ್ರಿ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಇಸಿಜಿ, ಎಕೋ ಎರಡೂ ಸರಿಯಿದೆ ಎಂದ ವೈದ್ಯರೇ ಆಪ್ತಸಮಾಲೋಚನೆಗೆಂದು ನನ್ನ ಬಳಿ ಕಳಿಸಿದ್ದರು.

ಅಪ್ಪಾಜಿ ತೀರಿಕೊಂಡು ಎಂಟು ತಿಂಗಳಾಗಿತ್ತು. ಬೇರೆಯವರ ಮಂಡಿಯಲ್ಲಿ ಗುಮಾಸ್ತರಾಗಿ ಶುರುಮಾಡಿ, ಸ್ವಂತ ಮಂಡಿ ಕಟ್ಟಿ, ತಮ್ಮಂದಿರ ಮಕ್ಕಳನ್ನೂ ಓದಿಸಿ ಮದುವೆ ಮಾಡಿದ ಯಜಮಾನರು. ವರ್ಷದ ಪುಣ್ಯಸ್ಮರಣೆಗೆ ಒಂದು ಸಂಚಿಕೆ ತರೋಣ ಎಂದು ಮನೆಯವರೆಲ್ಲ ತೀರ್ಮಾನಿಸಿದ್ದರು. ಬರೆಯುವ ಹೊಣೆ ಹಿರಿಯ ಮಗನದು. ‘ನಾಲ್ಕು ಪುಟ ಆಯ್ತು ಮೇಡಂ, ಮುಂದೆ ಹೋಗ್ತಾನೇ ಇಲ್ಲ’ ಎಂದರು.

ಆ ನಾಲ್ಕು ಪುಟ ಓದಿದೆ. ಕಾಯಕಯೋಗಿ, ಕೊಡುಗೈ ದಾನಿ, ಅಜಾತಶತ್ರು. ಪೇಟೆಯ ಯಾವ ವ್ಯಾಪಾರಿಯ ಫೋಟೊ ಹಾಕಿದ್ದರೂ ನಡೆಯುತ್ತಿತ್ತು. ತಂಗಿ ಅದನ್ನೇ ಸ್ವಲ್ಪ ಖಾರವಾಗಿ ಹೇಳಿದ್ದರು: ‘ಇದು ಅಪ್ಪಾಜಿ ಅಲ್ಲ ಅಣ್ಣ, ಸನ್ಮಾನ ಪತ್ರ.’ ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ತಂಗಿಯನ್ನೂ ಕರೆಸಿದೆ. ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂದಿದ್ದರೂ ಅಪ್ಪಾಜಿ ಇಂಜಿನಿಯರಿಂಗ್‌ಗೆ ಕಳಿಸಲಿಲ್ಲ. ಊರು ಬಿಡುವುದು ಬೇಡ ಎಂದರು, ಅಷ್ಟೇ. ಅದೇ ಅಪ್ಪಾಜಿ, ಮಗಳಿಗೆ ಆಪರೇಷನ್ ಆದಾಗ ಸುಗ್ಗಿಯ ವ್ಯಾಪಾರ ಬಿಟ್ಟು ಬಂದು ವಾರ್ಡಿನ ಹೊರಗಿನ ಬೆಂಚಿನಲ್ಲಿ ರಾತ್ರಿ ಕಳೆದಿದ್ದರು. ‘ಎರಡೂ ಅವರೇ ಅಲ್ವಾ ಮೇಡಂ? ಒಂದನ್ನೇ ಬರೆದರೆ ನನಗೆ ಅಳೋಕೂ ಆಗಲ್ಲ’ ಎಂದರು. ಅಣ್ಣ ತಲೆ ಎತ್ತಲಿಲ್ಲ.

ಅಣ್ಣನ ಗಂಟು ಬೇರೆಯೇ ಇತ್ತು. ಅದು ಬಿಚ್ಚಿಕೊಳ್ಳಲು ಸಮಯ ಹಿಡಿಯಿತು. ಮಂಡಿಯಲ್ಲಿ ಬೆಳೆಗಾರರಿಗೆ ಮುಂಗಡ ಕೊಡುವುದು ರೂಢಿ. ಕೊಯ್ಲಾದ ಮೇಲೆ ಅವರು ಅಡಿಕೆ ತಂದು ಹಾಕುತ್ತಾರೆ, ಲೆಕ್ಕ ಚುಕ್ತಾ. ಆದರೆ ಮಳೆ ಬಿಡದೆ ಹೊಯ್ದು, ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯಲು ಬಿಡುವೇ ಸಿಗದೆ ಕೊಳೆರೋಗ ಬಂದ ವರ್ಷ ಗೊನೆಯೇ ಉದುರಿಹೋಗುತ್ತದೆ. ಮೇಲೆ ಈಗ ಎಲೆಚುಕ್ಕೆ ರೋಗ ಬೇರೆ. ಅಂಥವರಿಗೆ ಅಪ್ಪಾಜಿ ಮತ್ತೆ ಮತ್ತೆ ಕೊಟ್ಟಿದ್ದರು. ಕಂಪ್ಯೂಟರ್ ಬಿಲ್ಲಿಂಗ್ ಬಂದ ಮೇಲೂ ಆ ಲೆಕ್ಕ ಅವರ ಕೈಬರಹದ ಕಿರ್ದಿಯಲ್ಲೇ ಉಳಿದಿತ್ತು. ದೊಡ್ಡ ಮೊತ್ತ. ಕೇಳಿದರೆ ಅಪ್ಪಾಜಿಯ ಹೆಸರಿಗೆ ಮಸಿ, ಕೇಳದಿದ್ದರೆ ಮಂಡಿಗೆ ಹೊಡೆತ. ‘ಕೊಡುಗೈ ದಾನಿ’ ಎಂದು ಬರೆದ ಕೈಯಲ್ಲೇ ವಸೂಲಿಗೆ ಹೋಗುವುದು ಹೇಗೆ? ಪುಸ್ತಕ ನಿಂತದ್ದು ಇಲ್ಲಿ.

ಮೊದಲು ಹೇಳಿದ್ದು: ನಿಮಗೆ ಕಾಯಿಲೆ ಇದೆ ಎಂದು ನನಗನಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಾದ ಐಸಿಡಿ-11ರಲ್ಲಿ ದೀರ್ಘಕಾಲದ ಶೋಕವನ್ನು ಒಂದು ಸಮಸ್ಯೆಯಾಗಿ ಗುರುತಿಸಿದ್ದಾರೆ, ನಿಜ. ಆದರೆ ಅದಕ್ಕೆ 6 ತಿಂಗಳು ದಾಟಿದರೆ ಸಾಲದು. ನಮ್ಮ ಜನರ ರೂಢಿಗೂ ಮೀರಿದ ತೀವ್ರ ದುಃಖ ಇರಬೇಕು, ಬದುಕೇ ನಡೆಯದಂತಾಗಿರಬೇಕು. ಇವರು ಮಂಡಿ ನಡೆಸುತ್ತಿದ್ದರು, ಊಟ ಮಾಡುತ್ತಿದ್ದರು, ಮೊಮ್ಮಗುವಿನ ಜೊತೆ ನಗುತ್ತಿದ್ದರು. ಒಂದು ದಿನ ದುಃಖ, ಇನ್ನೊಂದು ದಿನ ವ್ಯವಹಾರ ಎಂದು ಮನಸ್ಸು ಆಚೀಚೆ ಓಡಾಡುವುದು ಸಹಜ. ಶೋಕವನ್ನು ಅಧ್ಯಯನ ಮಾಡಿದ ಸ್ಟ್ರೋಬೆ ಮತ್ತು ಶುಟ್ 1999ರಲ್ಲೇ ಇದನ್ನು ವಿವರಿಸಿದ್ದಾರೆ. ಬದುಕೇ ಬೇಡ ಎನಿಸಿದರೆ ಮಾತ್ರ ತಡಮಾಡದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಫೋನ್ ಮಾಡಿ ಎಂದೆ. ಹಗಲುರಾತ್ರಿ ಯಾರಾದರೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಎರಡನೆಯದು, ಸಾಲವನ್ನೂ ಸ್ಮರಣೆಯನ್ನೂ ಬೇರೆ ಮಾಡಿ. ಕೈಸಾಲದ ದಾವೆಗೆ ಸಾಮಾನ್ಯವಾಗಿ 3 ವರ್ಷದ ಕಾಲಮಿತಿ ಇದೆ. ಕಿರ್ದಿ ತೆಗೆದುಕೊಂಡು ಆಡಿಟರ್, ವಕೀಲರ ಬಳಿ ಕೂತುಕೊಳ್ಳಿ. ಯಾವುದು ಬರುತ್ತದೆ, ಯಾವುದನ್ನು ಬಿಡಬೇಕು ಎಂದು ಅಣ್ಣತಮ್ಮಂದಿರು, ತಂಗಿ ಸೇರಿ ನಿರ್ಧರಿಸಿ. ಕೊಟ್ಟಿದ್ದು ಅಪ್ಪಾಜಿಯ ತೀರ್ಮಾನ, ಮುಂದಿನದು ನಿಮ್ಮದು. ಇದನ್ನು ಕೇಳಿ ಅವರಿಗೆ ಸಿಟ್ಟೇ ಬಂತು. ಬರಲಿ ಎಂದು ಸುಮ್ನಿದ್ದೆ.

ಮೂರನೆಯದು ಪುಸ್ತಕಕ್ಕೆ: ಗುಣ ಬರೆಯಬೇಡಿ, ದಿನ ಬರೆಯಿರಿ. ಬೆಳಿಗ್ಗೆ ಎಷ್ಟು ಹೊತ್ತಿಗೆ ಬಾಗಿಲು ತೆಗೆಯುತ್ತಿದ್ದರು? ಹಮಾಲಿಗಳನ್ನು ಹೇಗೆ ಬೈಯುತ್ತಿದ್ದರು? ಯಾರ ಮುಂದೆ ಸೋಲುತ್ತಿದ್ದರು? ತಂಗಿ ಬರೆದದ್ದನ್ನು ತಿದ್ದುವ ಹಕ್ಕು ಅಣ್ಣನಿಗಿಲ್ಲ ಎಂದೂ ಹೇಳಿದೆ. ಇಂಥ ಸಂಚಿಕೆಗಳಲ್ಲಿ ಹೆಣ್ಣುಮಕ್ಕಳ ಬರಹ ಕೊನೆಯ ಪುಟದಲ್ಲಿ ನಾಲ್ಕು ಸಾಲಾಗಿ ಮುಗಿಯುವುದನ್ನು ನಾನು ಜಾಸ್ತಿಯೇ ನೋಡಿದ್ದೇನೆ.

ಮುಂದಿನ ಸಲ ಒಂದು ಪುಟ ತಂದರು. ಅಪ್ಪಾಜಿ ಮೂಟೆಯ ಮೇಲಿನ ಅಡಿಕೆ ನೋಡುತ್ತಲೇ ಇರಲಿಲ್ಲವಂತೆ. ಮೊಣಕೈವರೆಗೆ ಕೈ ತೂರಿಸಿ ಅಡಿಯಿಂದ ಒಂದು ತೆಗೆದು, ಅಡಕತ್ತರಿಯಲ್ಲಿ ಎರಡು ಹೋಳು ಮಾಡಿ, ಬೆಳಕಿಗೆ ಹಿಡಿದು ಒಳಗಿನ ಬಣ್ಣ ನೋಡುತ್ತಿದ್ದರಂತೆ. ಒಮ್ಮೆ ಮಗ ಮೇಲಿಂದಷ್ಟೇ ನೋಡಿ ದರ ಹೇಳಿದಾಗ ಗಿರಾಕಿಗಳ ಮುಂದೆಯೇ ‘ನಿನ್ನ ಕೈಗೆ ಮಂಡಿ ಕೊಟ್ಟರೆ ಮುಳುಗಿಸ್ತೀಯ’ ಅಂದಿದ್ದರು. ಅದನ್ನು ಓದುವಾಗ ಅವರು ಅತ್ತರು. ಎಂಟು ತಿಂಗಳಲ್ಲಿ ಅದೇ ಮೊದಲು.

ಸಂಚಿಕೆ ವರ್ಷದ ದಿನಕ್ಕೆ ಬರಲಿಲ್ಲ. ಪೂಜೆ, ಊಟ ಮುಗಿಸಿದರು, ಪುಸ್ತಕ ಮುಂದಕ್ಕೆ ಹಾಕಿದರು. ಅಣ್ಣತಂಗಿ ಫೋನಿನಲ್ಲಿ ಮಾತಾಡುತ್ತಿದ್ದಾರೆ, ಜಗಳವೂ ನಡೆದಿದೆ. ಸಾಲದಲ್ಲಿ ಕೆಲವರು ಕಂತಿಗೆ ಒಪ್ಪಿದ್ದಾರೆ, ಕೆಲವರದ್ದನ್ನು ಮನೆಯವರೇ ಬಿಟ್ಟಿದ್ದಾರೆ. ನಿದ್ದೆ ಇನ್ನೂ ಪೂರ್ತಿ ಸರಿಯಾಗಿಲ್ಲ. ಇಷ್ಟರ ನಡುವೆ ಅವರ ತಾಯಿಯನ್ನು ಯಾರೂ ಏನೂ ಕೇಳಿಲ್ಲ ಎಂಬುದು ನನಗೆ ಗೊತ್ತಾಯಿತು. ಮುಂದಿನ ಭೇಟಿಗೆ ಅಮ್ಮನನ್ನೂ ಕರೆದುಕೊಂಡು ಬನ್ನಿ ಎಂದಿದ್ದೇನೆ.