ಪದ ಬಿಟ್ಟ ಅರ್ಥ

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಶರಾವತಿ ಪಂಪ್ಡ್ ಸ್ಟೋರೇಜ್ ಬಗ್ಗೆ ಬರೆದಿದ್ದೀರಿ. ಯೋಜನೆ ಬೇಡ ಅನ್ನುವವರಿಗೆ ಆರು ಪುಟ, ಬೇಕು ಅನ್ನುವವರಿಗೆ ಆರು ಸಾಲು. ರಾಜಕೀಯದ ಪುಟದಲ್ಲೂ ಈಚೆಗೆ ನಿಮ್ಮ ಒಲವು ಎತ್ತ ಅಂತ ಕಾಣುತ್ತದೆ. ಪತ್ರಿಕೆ ಅಂದರೆ ತಕ್ಕಡಿಯ ಹಾಗೆ ಇರಬೇಕು. ನೀವೂ ಉಳಿದವರ ಸಾಲಿಗೆ ಸೇರಿದಿರಾ? (ಹೆಸರು ಹಾಕಬೇಡಿ. ಶಿರಸಿ ತಾಲೂಕು)

ಸಂಪಾದಕರ ಉತ್ತರ:

ಹೆಗಡೆಯವರೇ, ಹೆಸರು ಬೇಡ ಅಂದಿದ್ದೀರಿ, ಹಾಕಿಲ್ಲ. ಬರೀ ಹೆಗಡೆಯವರೇ ಅಂದರೆ ಶಿರಸಿ ತಾಲೂಕಿನಲ್ಲಿ ಯಾರನ್ನೂ ಹುಡುಕಲಿಕ್ಕೆ ಆಗುವುದಿಲ್ಲ, ಧೈರ್ಯವಾಗಿರಿ.

ನಿಮ್ಮ ಪತ್ರ ಬಂದ ಮೇಲೆ ನಾನೂ ಎಣಿಸಿದೆ. ಆರು ಸಾಲಲ್ಲ, ಒಂಬತ್ತು. ಆದರೂ ಕಡಿಮೆಯೇ. 2000 ಮೆಗಾವಾಟ್ ಯಾಕೆ ಬೇಕು, ಕೆಳಗಿನ ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಲಕಳಲೆ ಜಲಾಶಯಕ್ಕೆ ಎತ್ತಿ, ಕರೆಂಟಿಗೆ ಬೇಡಿಕೆ ಹೆಚ್ಚಿದಾಗ ಕೆಳಗೆ ಬಿಟ್ಟರೆ ಏನು ಲಾಭ ಅಂತ ಒಂದು ಪುಟವಾದರೂ ಬರೆಯಬಹುದಿತ್ತು. ತಪ್ಪು ಒಪ್ಪಿದೆ.

ತಕ್ಕಡಿಯ ಮಾತು ಮಾತ್ರ ಒಪ್ಪಲಾರೆ. ನೀವು ತಾಳಮದ್ದಳೆ ಕೇಳಿ ಬೆಳೆದವರು. ವೇಷ, ಕುಣಿತ ಇಲ್ಲದ ಯಕ್ಷಗಾನ ಅದು: ಭಾಗವತರು ಪದ ಹಾಡುತ್ತಾರೆ, ಪಾತ್ರಧಾರಿಗಳು ಕೂತು ಮಾತಿನಲ್ಲೇ ಅದರ ಅರ್ಥ ಹೇಳುತ್ತಾರೆ. ಸಂಧಾನದ ಪ್ರಸಂಗದಲ್ಲಿ ಕೌರವನ ಅರ್ಥ ಹೇಳುವವರು ಬಾಯಿ ತೆಗೆದ ಕೂಡಲೇ ಕೌರವನ ಪಕ್ಷ. "ನಾನು ಮಧ್ಯಸ್ಥ, ಎರಡೂ ಕಡೆ ಸರಿ ಇದೆ" ಅಂದರೆ ನೀವೇ ಕವಳ ಉಗಿದು ಎದ್ದು ಮನೆಗೆ ಹೋಗುತ್ತೀರಿ. ಅವರು ಎಷ್ಟು ಬೇಕಾದರೂ ವಾದಿಸಲಿ. ಅರಗಿನ ಮನೆ ಕಟ್ಟಿಸಿದ್ದು ಸರಿ ಅಂತಲೂ ಹೇಳಲಿ. ಆದರೆ ಅರಗಿನ ಮನೆ ಸುಟ್ಟೇ ಇಲ್ಲ ಅನ್ನುವ ಹಾಗಿಲ್ಲ. ಭಾಗವತರು ಪದ ಹೇಳಿ ಆಗಿದೆ. ಪದ ಬಿಟ್ಟು ಅರ್ಥ ಹೇಳಿದವರನ್ನು ನಮ್ಮ ಕಡೆ ಮರುವರ್ಷ ಕರೆಯುವುದಿಲ್ಲ.

ಪತ್ರಿಕೆಯಲ್ಲೂ ಹಾಗೇ. ಆದದ್ದು ಪದ. ನಾವು ಹೇಳುವುದು ಅರ್ಥ. ನನ್ನ ಪಾತ್ರ ಯಾವುದು ಅಂತ ನಿಮಗೆ ಗೊತ್ತಿದ್ದರೆ ಮೋಸ ಎಲ್ಲಿಂದ ಬಂತು?

ನನ್ನದೇ ಹೇಳುತ್ತೇನೆ. ನಾನು ಕೈಗಾ ಅಣುಸ್ಥಾವರದ ವಿರೋಧಿ. 1989ರಲ್ಲಿ ಶಿವರಾಮ ಕಾರಂತರು ಕೈಗಾ ಬೇಡ ಅಂತ ಈ ಜಿಲ್ಲೆಯಿಂದ ಲೋಕಸಭೆಗೆ ನಿಂತಾಗ ಕರಪತ್ರ ಹಂಚಿದ ಹುಡುಗರಲ್ಲಿ ನಾನೂ ಒಬ್ಬ. ಕಾರಂತರು ಸೋತರು. 1994ರ ಮೇ ತಿಂಗಳಲ್ಲಿ, ಕಟ್ಟುತ್ತಿದ್ದ ಸ್ಥಾವರದ ಗುಮ್ಮಟದ ಒಳಭಾಗ ಕುಸಿಯಿತು. ನಾವೆಲ್ಲ ಒಳಗೊಳಗೇ "ಹೇಳಿದ್ದೆವಲ್ಲ" ಅಂದುಕೊಂಡೆವು. ಇಂಧನ ಇನ್ನೂ ತುಂಬಿರಲಿಲ್ಲ, ವಿಕಿರಣದ ಪ್ರಶ್ನೆಯೇ ಇರಲಿಲ್ಲ ಅನ್ನುವ ಸಾಲನ್ನೂ ನಾನು ಬರೆದೆ. ಆದರೆ ಕಟ್ಟಕಡೆಗೆ, ಯಾರೂ ಓದದ ಜಾಗದಲ್ಲಿ. ಅದು ಇವತ್ತಿಗೂ ಚುಚ್ಚುತ್ತದೆ. 2018ರಲ್ಲಿ ಅದೇ ಕೈಗಾದ ಮೊದಲ ಘಟಕ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಿತು. ಈ ಸಲ ಮೂರನೇ ಪುಟದಲ್ಲೇ, ದಪ್ಪ ಅಕ್ಷರದಲ್ಲಿ ಹಾಕಿದೆ. ಕೈ ಸ್ವಲ್ಪ ತಡೆಯಿತು, ಸುಳ್ಳು ಯಾಕೆ. ವಿರೋಧ ಬಿಟ್ಟಿಲ್ಲ.

ಇನ್ನು ನಿಮ್ಮ ತಕ್ಕಡಿ. 2017ರ ಡಿಸೆಂಬರ್ ನೆನಪು ಮಾಡಿಕೊಳ್ಳಿ. ಹೊನ್ನಾವರದ ಕೆರೆಯಲ್ಲಿ ಒಬ್ಬ ಹುಡುಗನ ಶವ ಸಿಕ್ಕಿತು. ಕೊಲೆ ಅನ್ನುವ ಮಾತು ಹಬ್ಬಿ ಹೊನ್ನಾವರ, ಕುಮಟಾ ಹೊತ್ತಿ ಉರಿದವು, ನಿಮ್ಮ ಶಿರಸಿ ಪೇಟೆಯಲ್ಲೂ ಕಲ್ಲು ಬಿತ್ತು. ವಿಧಾನಸಭೆ ಚುನಾವಣೆಗೆ ಆರು ತಿಂಗಳೂ ಇರಲಿಲ್ಲ. ಆ ದಿನಗಳಲ್ಲಿ ನಾನು ಟಿವಿಯಲ್ಲಿ ನೋಡಿದ ಚರ್ಚೆಗಳು ಭಾರೀ ನಿಷ್ಪಕ್ಷಪಾತ, ಮಾರಾಯ್ರೆ. ಈ ಪಕ್ಷದವರಿಗೆ ಐದು ನಿಮಿಷ, ಆ ಪಕ್ಷದವರಿಗೆ ಐದು ನಿಮಿಷ. ಮುಳ್ಳು ಅತ್ತಿತ್ತ ಅಲುಗಲಿಲ್ಲ. ಎರಡೂ ತಟ್ಟೆಯಲ್ಲಿ ಇದ್ದದ್ದು ಗಾಳಿ. 2022ರ ಅಕ್ಟೋಬರಿನಲ್ಲಿ ಸಿಬಿಐ, ಅದು ಆಕಸ್ಮಿಕ ಸಾವು ಅಂತ ಹೊನ್ನಾವರದ ಕೋರ್ಟಿಗೆ ವರದಿ ಕೊಟ್ಟಿತು. ನಮ್ಮ ಆಫೀಸಿಗೆ ಬರುವ ಪತ್ರಿಕೆಯೊಂದರಲ್ಲಿ ಆ ಸುದ್ದಿ ಒಳಪುಟದಲ್ಲಿತ್ತು, ಟೆಂಡರ್ ಪ್ರಕಟಣೆಯ ಪಕ್ಕ. ಸುಟ್ಟ ಅಂಗಡಿಯವನು ಅದನ್ನು ಓದಿದನೋ ಇಲ್ಲವೋ.

ನೀವು ಹೆದರಬೇಕಾದದ್ದು ಪಕ್ಷ ಹಿಡಿದವನಿಗಲ್ಲ, ಬಾಡಿಗೆಗೆ ಬಂದು ಮಧ್ಯಸ್ಥ ಅನ್ನಿಸಿಕೊಂಡವನಿಗೆ. 2009ರ ಚುನಾವಣೆಯ ಕಾಸಿಗಾಗಿ ಸುದ್ದಿ ದಂಧೆ ನೋಡಲಿಕ್ಕೆ ಪ್ರೆಸ್ ಕೌನ್ಸಿಲ್ ಉಪಸಮಿತಿ ಮಾಡಿತು. ಸಮಿತಿ ಪತ್ರಿಕೆಗಳ ಹೆಸರು ಹಿಡಿದು ಬರೆಯಿತು. ಕೌನ್ಸಿಲ್ 2010ರಲ್ಲಿ ಹೆಸರೆಲ್ಲ ತೆಗೆದು ಸಣ್ಣದೊಂದು ವರದಿ ಬಿಟ್ಟಿತು. ಪೂರ್ತಿ ವರದಿ ಹೊರಗೆ ಬರಲಿಕ್ಕೆ 2011ರಲ್ಲಿ ಕೇಂದ್ರ ಮಾಹಿತಿ ಆಯೋಗವೇ ಹೇಳಬೇಕಾಯಿತು. ಅದೇ ವರ್ಷ ಚುನಾವಣಾ ಆಯೋಗ ಉತ್ತರ ಪ್ರದೇಶದ ಶಾಸಕಿಯೊಬ್ಬರನ್ನು ಇದೇ ಕಾರಣಕ್ಕೆ ಮೂರು ವರ್ಷ ಅನರ್ಹ ಮಾಡಿತು. ಅನರ್ಹ ಆದದ್ದು ಶಾಸಕಿ. ಸುದ್ದಿ ಮಾರಿದ ಪತ್ರಿಕೆಗಳು ಮರುದಿನವೂ ಬಂದವು.

ದೊಡ್ಡವರ ಮಾತು ಬಿಡಿ. ನಾನು ಕಾರವಾರದಲ್ಲಿ ಒಂದು ದಿನಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದಾಗ ಸಂಬಳ ಅಂತ ಇರಲಿಲ್ಲ. ಸುದ್ದಿಗೆ ಇಷ್ಟು ಅಂತ ಪುಡಿಗಾಸು, ಅದಕ್ಕಿಂತ ಜಾಸ್ತಿ ಜಾಹೀರಾತಿನ ಕಮಿಷನ್. ವಾರ್ಷಿಕ ಪುರವಣಿಗೆ ಜಾಹೀರಾತು ತರಬೇಕು. ಯಾರು ಕೊಡುತ್ತಾರೆ? ಶಾಸಕರು, ಗುತ್ತಿಗೆದಾರರು, ಮರಳಿನವರು. ಕಾಳಿ ಹೊಳೆಯ ಮರಳು ಲಾರಿಗಳ ಬಗ್ಗೆ ಬರೆದ ವಾರವೇ ಅದೇ ಮರಳಿನವರ ಜಗಲಿಯಲ್ಲಿ ರಸೀದಿ ಪುಸ್ತಕ ಹಿಡಿದು ಕೂತಿದ್ದೆ. ಪಾಪ, ಬೈಯಲಿಲ್ಲ. ಚಹಾ ಕೊಟ್ಟರು, ಅರ್ಧ ಪುಟದ ಜಾಹೀರಾತೂ ಕೊಟ್ಟರು. ಮುಂದಿನ ವಾರ ನಾನು ಕಾಳಿ ಹೊಳೆಯ ಸೂರ್ಯಾಸ್ತದ ಬಗ್ಗೆ ಬರೆದೆ. ಆ ಲೇಖನದಲ್ಲಿ ಭೂತಗನ್ನಡಿ ಹಿಡಿದರೂ ನಿಮಗೆ ಪಕ್ಷಪಾತ ಸಿಗುವುದಿಲ್ಲ.

ಈಗಿನ ಹುಡುಗರ ಪಾಡು ಇದಕ್ಕಿಂತ ಬೇರೆ ಅಲ್ಲ. ದಿನಪತ್ರಿಕೆಯ ಬೆಲೆ ಒಂದು ಚಹಾದ ಬೆಲೆಯನ್ನೂ ಮುಟ್ಟುವುದಿಲ್ಲ. ಅದರಲ್ಲಿ ಕಾಗದದ ಖರ್ಚೇ ಹುಟ್ಟುವುದಿಲ್ಲ. ಉಳಿದದ್ದನ್ನು ಯಾರೋ ಕೊಡುತ್ತಾರೆ, ಸುಮ್ನೆ ಕೊಡುತ್ತಾರಾ? ಬೆಲೆ ಒಂದು ರೂಪಾಯಿ ಏರಿದರೆ ಪೇಪರ್ ಬಿಡಿಸುವವರು, ಅದೇ ಪೇಪರು ಮಾರಿಕೊಂಡಿದೆ ಅಂತ ಕಟ್ಟೆಯಲ್ಲಿ ಕೂತು ಬೈಯುವವರು ಒಬ್ಬರೇ. ನೀವು ಹಾಗಲ್ಲ ಅಂತ ನನಗೆ ಗೊತ್ತು. ಆದರೂ ನಿಮ್ಮ ಚಂದಾ ಮಾರ್ಚಿಗೇ ಮುಗಿದಿದೆ ಅಂತ ನಮ್ಮ ಆಫೀಸಿನವರು ಹೇಳುತ್ತಿದ್ದಾರೆ. ಪತ್ರಿಕೆ ನಿಲ್ಲಿಸಿಲ್ಲ, ಬಿಡಿ.

ಮುಂದಿನ ಸಂಚಿಕೆಯಲ್ಲಿ ಪಂಪ್ಡ್ ಸ್ಟೋರೇಜ್ ಬೇಕು ಅನ್ನುವವರಿಗೆ ಎರಡು ಪುಟ ಖಾಲಿ ಇಟ್ಟಿದ್ದೇನೆ. ಇಬ್ಬರನ್ನು ಕೇಳಿದೆ, ಇಬ್ಬರೂ "ನಮ್ಮ ಹೆಸರು ಬೇಡ" ಅಂದರು. ನೀವು ಬರೆಯುತ್ತೀರಾ? ಒಂದು ಅಕ್ಷರ ತಿದ್ದುವುದಿಲ್ಲ. ಈ ಸಲ ಹೆಸರು ಮಾತ್ರ ಪೂರ್ತಿ ಹಾಕುತ್ತೇನೆ.