ಹಾಸನದಲ್ಲಿ ನೋಡುವಂಥದ್ದು ಏನಿದೆ?

ಹಾಸನದ ಓದುಗರೊಬ್ಬರು ಬರೆದ ಪತ್ರದ ಮುಖ್ಯ ಭಾಗ ಇದು: "ಮಾನ್ಯ ಸಂಪಾದಕರೇ, ನಾನು ಪ್ರಿಂಟಿಂಗ್ ಪ್ರೆಸ್ಸೊಂದರಲ್ಲಿ ಡಿಸೈನರ್. ಮದುವೆ ಕಾರ್ಡು, ಅಂಗಡಿ ಬೋರ್ಡು, ಕಾಫಿಪುಡಿ ಪೊಟ್ಟಣದ ಲೇಬಲ್ಲು, ಇವೇ ದಿನದ ಕೆಲಸ. ಬೆಳಿಗ್ಗೆ ಪಿಂಟರೆಸ್ಟ್, ಬಿಹ್ಯಾನ್ಸ್‌ನಂಥ ವಿನ್ಯಾಸದ ಜಾಲತಾಣ ನೋಡದಿದ್ದರೆ ಐಡಿಯಾನೇ ಹೊಳೆಯುವುದಿಲ್ಲ. ನೋಡಿ ಮಾಡಿದರೆ ಎಲ್ಲ ಬೇರೆಯವರ ಕೆಲಸದಂತೆಯೇ ಕಾಣುತ್ತದೆ. ಇಲ್ಲಿ ಗ್ಯಾಲರಿ ಇಲ್ಲ, ಪ್ರದರ್ಶನ ಇಲ್ಲ. ಬೇಲೂರು ಹಳೇಬೀಡು ಸ್ಕೂಲಿನ ಟೂರಿನ ಕಾಲದಿಂದ ನೋಡಿ ನೋಡಿ ಸಾಕಾಗಿದೆ. ಬೆಂಗಳೂರಿಗೆ ಹೋಗಿಬಿಡಲೇ?" ಜೊತೆಗೆ ತಾವು ಮಾಡಿದ ಒಂದು ಲೇಬಲ್ಲನ್ನೂ ಕಳಿಸಿದ್ದಾರೆ.

ಮೊದಲು ನಿಮ್ಮ ಪರವಾಗಿ ಒಂದು ಮಾತು. ಪಿಂಟರೆಸ್ಟ್ ನೋಡುವುದು ಪಾಪವೇನಲ್ಲ. ಸ್ಪಾಟ್ ಯುವಿ (ಆಯ್ದ ಭಾಗಕ್ಕೆ ಮಾತ್ರ ಹೊಳಪಿನ ಲೇಪ) ಹಾಕಿದ ಕಾರ್ಡು ಹೇಗೆ ಕಾಣುತ್ತದೆ, ಬೇರೆ ದೇಶದವರು ಚಹಾ ಪೊಟ್ಟಣವನ್ನು ಹೇಗೆ ಮಡಿಸುತ್ತಾರೆ ಎಂದು ತಿಳಿಯಲು ಅದಕ್ಕಿಂತ ಸುಲಭದ ದಾರಿ ಇಲ್ಲ. ಅದಕ್ಕೆ ಇಷ್ಟು ಹೊಗಳಿಕೆ ಸಾಕು.

ಪರದೆಯ ಮೇಲೆ ಸಿಗುವುದು ಮುಗಿದ ಕೆಲಸ. ಯಾವ ಗೆರೆ ಮೊದಲು ಬಿತ್ತು, ಜಾಗ ಸಾಲದೆ ಎಲ್ಲಿ ಹೊಂದಿಸಿಕೊಂಡರು, ಏನನ್ನು ಅಳಿಸಿದರು, ಇದೊಂದೂ ಅಲ್ಲಿ ತಿಳಿಯುವುದಿಲ್ಲ. ಹೋಟೆಲಿನಲ್ಲಿ ತಿಂಡಿ ತಿಂದೇ ಅಡುಗೆ ಕಲಿಯುತ್ತೇನೆಂದು ಹೊರಟ ಹಾಗಾಯಿತು. ನಿಮ್ಮ ಕೆಲಸ ಬೇರೆಯವರದ್ದರಂತೆ ಕಾಣುವುದಕ್ಕೆ ಕಾರಣ ನಿಮ್ಮ ಕೈಗೆ ಕಸುಬು ಸಾಲದೆಂದಲ್ಲ, ನೀವು ನೋಡುತ್ತಿರುವುದೇ ಸಿದ್ಧವಾದ ಮೇಲ್ಮೈ.

ಇನ್ನು "ನೋಡಿ ನೋಡಿ ಸಾಕಾಗಿದೆ" ಅಂದಿರಲ್ಲ, ಆ ಮಾತಿಗೆ ಬರುತ್ತೇನೆ. ಹಳೇಬೀಡಿನ ಹೊಯ್ಸಳೇಶ್ವರದ ಗೋಡೆಯ ಬುಡದಲ್ಲಿ ಒಂದರ ಮೇಲೊಂದು ಪಟ್ಟಿಗಳಿವೆ. ಆನೆಸಾಲಿನ ಮೇಲೆ ಯಾವ ಪಟ್ಟಿ ಬರುತ್ತದೆ, ಕಣ್ಣು ಮುಚ್ಚಿ ಹೇಳಿ ನೋಡೋಣ. ಆನೆ, ಸಿಂಹ, ಬಳ್ಳಿ, ಕುದುರೆ, ಮತ್ತೆ ಬಳ್ಳಿ, ಪುರಾಣದ ಕಥೆ, ಮಕರ, ಹಂಸ: ಒಟ್ಟು 8. ಭಾರ ಹೊರುವ ಪ್ರಾಣಿ ತೀರಾ ಕೆಳಗೆ, ಹಾರುವ ಹಕ್ಕಿ ಮೇಲೆ. ಕುದುರೆಸಾಲಿನ ಕೆಳಗೂ ಮೇಲೂ ಒಂದೊಂದು ಬಳ್ಳಿ ಹಾಯಿಸಿ ಕಣ್ಣಿಗೆ ಬಿಡುವು ಕೊಟ್ಟಿದ್ದಾರೆ. ಮದುವೆ ಕಾರ್ಡಿನ ಅಂಚಿಗೆ 4 ಅಲಂಕಾರಗಳನ್ನು ಒತ್ತೊತ್ತಾಗಿ ತುಂಬಿ, "ಯಾಕೋ ಗಿಜಿಗಿಜಿ ಅನ್ನಿಸುತ್ತೆ" ಎಂದು ಕೊರಗುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಯಾವ ಆ್ಯಪಿನಲ್ಲೂ ಸಿಗದು.

ಆ ಬಳ್ಳಿಯನ್ನೇ ತೆಗೆದುಕೊಳ್ಳಿ. ಇವತ್ತು ಎಲ್ಲರೂ ಮಾಡುವುದು ಏನೆಂದರೆ ಮೊಬೈಲಿನಲ್ಲಿ ಫೋಟೋ ತೆಗೆದು, ಚಿತ್ರ ಬರೆಯುವ ತಂತ್ರಾಂಶ ಇಲ್ಲಸ್ಟ್ರೇಟರ್‌ಗೆ ಹಾಕಿ ಫೋಟೋವನ್ನು ತಾನೇ ಗೆರೆಯಾಗಿಸುವ ಇಮೇಜ್ ಟ್ರೇಸ್ ಒತ್ತುವುದು. ಕಲ್ಲಿನ ನೆರಳೂ ಆಕಾರವಾಗಿಬಿಡುತ್ತದೆ, ಗೆರೆಯ ತುಂಬ ಅದನ್ನು ಹಿಡಿದಿಡುವ ಸಾವಿರಗಟ್ಟಲೆ ಪಾಯಿಂಟುಗಳು, ಅಂಚೆಲ್ಲ ತರಿತರಿ. 3 ಸೆಂ.ಮೀ. ಲೇಬಲ್ಲಿಗೆ ಇಳಿಸಿದಾಗ ಸಣ್ಣ ಸಂದುಗಳು ಶಾಯಿಯಲ್ಲಿ ಮುಚ್ಚಿಹೋಗುತ್ತವೆ. ಚಿನ್ನದ ಫಾಯಿಲ್ (ಬಿಸಿ ಅಚ್ಚಿನಿಂದ ಒತ್ತುವ ಹೊಳೆಯುವ ಹಾಳೆ) ಆದರಂತೂ ಬರೀ ಮುದ್ದೆ. ಇದರ ಬದಲು ಕೈಯಲ್ಲಿ ಬರೆಯಿರಿ. 4 ಸೆಂ.ಮೀ. ಅಂತರದಲ್ಲಿ ಎರಡು ಸಮಾನಾಂತರ ಗೆರೆ, ನಟ್ಟನಡುವೆ ಒಂದು ಗೆರೆ. ನಡುಗೆರೆಯ ಮೇಲೆ 4 ಸೆಂ.ಮೀ.ಗೊಂದು ಗುರುತು. ಗುರುತಿನಿಂದ ಗುರುತಿಗೆ ಒಂದು ಅರ್ಧವೃತ್ತ ಮೇಲಕ್ಕೆ, ಮುಂದಿನದು ಕೆಳಕ್ಕೆ. ಇದು ಕಾಂಡ. ಆಮೇಲೆ ಒಂದೊಂದು ಕಮಾನಿನ ಹೊಟ್ಟೆಯೊಳಗೆ ಒಂದೊಂದು ಸುರುಳಿ. ಕವಲು ಕಾಂಡ ಹರಿಯುವ ದಿಕ್ಕಿಗೇ ಸವರಿಕೊಂಡು ಹೊರಡಬೇಕು. ಅಡ್ಡಕ್ಕೆ ಹೊರಟಿತೋ, ಬೆಳೆದದ್ದು ಅನ್ನಿಸುವುದಿಲ್ಲ, ತಂದು ಅಂಟಿಸಿದ್ದು ಅನ್ನಿಸುತ್ತದೆ. ಎಲೆ ಬರುವುದು ಕಟ್ಟಕಡೆಗೆ, ಉಳಿದ ಖಾಲಿ ಜಾಗಕ್ಕೆ ಮಾತ್ರ. ಕೈಯಲ್ಲಿ ಒಂದು ಘಟಕ ಸರಿಬಂದ ಮೇಲೆ ಕಂಪ್ಯೂಟರಿನಲ್ಲಿ ಪೆನ್ ಟೂಲ್ ಹಿಡಿದು, ವಕ್ರರೇಖೆಯ ತುತ್ತತುದಿಗಳಲ್ಲಷ್ಟೇ ಪಾಯಿಂಟ್ ಇಟ್ಟು ಎಳೆಯಿರಿ. ಬೆರಳೆಣಿಕೆಯ ಪಾಯಿಂಟು ಸಾಕು. ಅಂಚಿನ ಮೂಲೆಯಲ್ಲಿ ಬಳ್ಳಿ ಹೇಗೆ ತಿರುಗಬೇಕೆಂದು ತೋಚದಿದ್ದರೆ ಮತ್ತೆ ಹಳೇಬೀಡಿಗೆ ಹೋಗಿ. ಆ ಗೋಡೆ ಹೆಜ್ಜೆಗೊಮ್ಮೆ ಮುರಿದು ತಿರುಗುತ್ತದೆ, ಮೂಲೆಗಳಿಗೆ ಬರವಿಲ್ಲ. ಹಾಗೆ ಮುರಿದಿರುವುದರಿಂದಲೇ ಬಿಸಿಲು ಯಾವ ಹೊತ್ತಿನಲ್ಲಿದ್ದರೂ ಯಾವುದೋ ಒಂದು ಮುಖಕ್ಕೆ ಓರೆಯಾಗಿ ಬಿದ್ದು ಕೆತ್ತನೆ ಎದ್ದು ಕಾಣುತ್ತದೆ. ಕಲ್ಲಿಗೆ ಕಾಗದ ಒತ್ತಿ ಪೆನ್ಸಿಲ್ ಉಜ್ಜುವ ಕೆಲಸ ಮಾತ್ರ ಬೇಡ. ದೂರ ನಿಂತು ಬರೆದರೆ ಕಣ್ಣೂ ಪಳಗುತ್ತದೆ.

ಹೊಯ್ಸಳ ಗುಡಿಗಳ ನಕ್ಷತ್ರದ ತಳವಿನ್ಯಾಸವೂ ಹೀಗೆಯೇ. ಒಂದು ಚೌಕ ಬರೆದು, ಅದರ ಕೇಂದ್ರವನ್ನೇ ಹಿಡಿದು 22.5 ಡಿಗ್ರಿಯಂತೆ ತಿರುಗಿಸುತ್ತ 3 ನಕಲು ಮಾಡಿ. ನಾಲ್ಕು ಚೌಕದ ಹೊರಗೆರೆ ಸೇರಿಸಿದರೆ 16 ಮೂಲೆಯ ನಕ್ಷತ್ರ. ನಾಲ್ಕನೆಯ ನಕಲು ದಂಡ, 90 ಡಿಗ್ರಿಗೆ ಅದು ಮೊದಲ ಚೌಕದ ಮೇಲೇ ಕೂರುತ್ತದೆ. ಇದನ್ನು ಕೈಯಲ್ಲಿ ಮಾಡಿ ನೋಡಿ, ಆಮೇಲೆ 1220ರ ಸುಮಾರಿನ ಅರಸೀಕೆರೆಯ ಈಶ್ವರ ದೇವಾಲಯದ ಮುಖಮಂಟಪದಲ್ಲಿ ನಿಂತು ಸುತ್ತ ಕಣ್ಣಾಡಿಸಿ. ಮೊಸಳೆ ಎಂಬ ಊರಿನ ಜೋಡಿಗುಡಿಗಳು ಹಾಸನಕ್ಕೆ ಕೂಗಳತೆಯಲ್ಲೇ ಇವೆ: ನಾಗೇಶ್ವರ, ಚೆನ್ನಕೇಶವ, ಒಂದೇ ವಿನ್ಯಾಸ ಅಕ್ಕಪಕ್ಕ. ಒಂದೇ ನಮೂನೆಯನ್ನು ಎರಡು ಸಲ ಮಾಡುವಾಗ ಎಲ್ಲಿ ಬದಲಿಸಬೇಕು, ಎಲ್ಲಿ ಕೈ ಹಚ್ಚಬಾರದು ಎಂದು ತಿಳಿಯಬೇಕಾದರೆ ಅಲ್ಲಿ ಅರ್ಧ ದಿನ ಕೂತು ಬನ್ನಿ.

ಬೇಲೂರಿನಲ್ಲಿ 1117ರಲ್ಲಿ ಪ್ರತಿಷ್ಠೆಯಾದ ಗುಡಿಗೆ ದುಡಿದವರಲ್ಲಿ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿಟ್ಟಿದ್ದಾರೆ. ಆ ಗುಡಿಯ ಮದನಿಕೆಯೊಬ್ಬಳ ತಲೆಯ ಮೇಲಿನ ಎಲೆಚಪ್ಪರದಲ್ಲಿ ಹಲಸಿನ ಹಣ್ಣು, ಹಣ್ಣಿನ ಮೇಲೊಂದು ನೊಣ, ಅದಕ್ಕೆ ಹೊಂಚು ಹಾಕಿದ ಹಲ್ಲಿ. ರಾಜ ಕಟ್ಟಿಸುತ್ತಿದ್ದ ದೊಡ್ಡ ಗುಡಿಗೆ ಶಿಲ್ಪಿ ತಂದದ್ದು ಹಿತ್ತಲಿನ ಹಲ್ಲಿಯನ್ನು! ಹಿತ್ತಲ ಗಿಡ ಮದ್ದಲ್ಲ ಎಂದು ನಾವೆಲ್ಲ ಗಾದೆ ಹೇಳುತ್ತೇವೆ, ಹಿತ್ತಲಿಗೆ ಹೋಗಿ ನೋಡುವವರು ಕಡಿಮೆ.

ಹಿತ್ತಲಿಗೆ ಹೋಗಲು ಬೇಸರವಾದರೆ ಅಡುಗೆಮನೆಗಾದರೂ ಹೋಗಿ. ಅಮೆರಿಕದ ವಿನ್ಯಾಸಕಾರರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ಭಾರತ ಸರ್ಕಾರದ ಕರೆಯ ಮೇಲೆ ಬಂದು 1958ರಲ್ಲಿ ಒಂದು ವರದಿ ಕೊಟ್ಟರು. ಅಹಮದಾಬಾದಿನಲ್ಲಿ 1961ರಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿದ್ದು ಅದರಿಂದ. ಅಷ್ಟೆಲ್ಲ ಕಲೆ ಕಂಡವರು ಅದರಲ್ಲಿ ಮನಸಾರೆ ಮೆಚ್ಚಿ ಬರೆದದ್ದು ನಮ್ಮ ಚೊಂಬನ್ನು. ಖಾಲಿ ಇದ್ದಾಗ ಅದರ ತೂಕ ಎಲ್ಲಿ ನಿಲ್ಲುತ್ತದೆ, ತುಂಬಿದಾಗ ಎಲ್ಲಿ, ತಲೆಯ ಮೇಲೋ ಸೊಂಟದ ಮೇಲೋ, ಬಗ್ಗಿಸಿದರೆ ನೀರು ಹೇಗೆ ಬೀಳುತ್ತದೆ, ತೊಳೆಯಲು ಕೈ ಒಳಗೆ ಹೋಗುತ್ತದೆಯೇ, ಇನ್ನೊಂದು ಪಾತ್ರೆಗೆ ತಾಗಿದರೆ ಸದ್ದು ಹೇಗೆ, ಇಂಥ ಪ್ರಶ್ನೆಗಳ ಸಾಲೇ ಅಲ್ಲಿದೆ. ನೀವು ಪೊಟ್ಟಣ ಮಾಡುವವರು. ಅದೇ ಪ್ರಶ್ನೆಗಳನ್ನು ಕಾಲು ಕೆ.ಜಿ. ಕಾಫಿಪುಡಿ ಪೊಟ್ಟಣಕ್ಕೆ ಕೇಳಿ: ಒದ್ದೆ ಕೈಯಲ್ಲಿ ಹಿಡಿದರೆ ಜಾರುತ್ತದೆಯೇ, ಅರ್ಧ ಖಾಲಿಯಾಗಿ ಬಾಯಿ ಮಡಿಸಿದಾಗ ಹೆಸರು ಕಾಣುತ್ತದೆಯೇ?

ಬಾಗಿಲ ಮುಂದಿನ ರಂಗೋಲಿಯಲ್ಲಿ ಗ್ರಿಡ್ಡಿನ ಪಾಠವೇ ಇದೆ. ನೇರಚುಕ್ಕಿ 7ಕ್ಕೆ 7 ಇಟ್ಟರೆ 49 ಚುಕ್ಕಿ, ಚೌಕದ ಬಲೆ, 4 ಮತ್ತು 8 ದಳದ ಹೂವಿಗೆ ಸಲೀಸು. ಸಂದುಚುಕ್ಕಿ 7ರಿಂದ 4ರವರೆಗೆ ಇಟ್ಟರೆ 37, ಷಟ್ಕೋನದ ಬಲೆ, 6 ದಳ ತಾನಾಗಿಯೇ ಬರುತ್ತದೆ. ಇದನ್ನು ಕಂಪ್ಯೂಟರಿಗೆ ಹಾಕುವವರು ಚುಕ್ಕಿಯಿಂದ ಚುಕ್ಕಿಗೆ 20 ಮಿ.ಮೀ. ಇಟ್ಟು, ಸಾಲಿನಿಂದ ಸಾಲಿಗೂ 20 ಇಟ್ಟು ಕೆಡಿಸುತ್ತಾರೆ. ಹೂವು ಉದ್ದಕ್ಕೆ ಎಳೆದಂತಾಗುತ್ತದೆ. ಸಾಲಿನ ಅಂತರ 0.866 ಪಾಲು, ಅಂದರೆ 17.3 ಮಿ.ಮೀ. ಇರಬೇಕು. ಕೈಯಲ್ಲಿ ಇಡುವವರಿಗೆ ಈ ಲೆಕ್ಕ ಗೊತ್ತಿಲ್ಲ, ಕಣ್ಣಿಗೆ ಗೊತ್ತು.

ಬಣ್ಣದ ವಿಷಯವನ್ನು ಬೇಗ ಮುಗಿಸುತ್ತೇನೆ. ಕಾಫಿಹಣ್ಣಿನ ಕೆಂಪನ್ನು ಮೊಬೈಲ್ ಫೋಟೋದಿಂದ ಎತ್ತಬೇಡಿ, ಕ್ಯಾಮೆರಾ ಬೆಳಕನ್ನು ತನಗೆ ಬೇಕಾದಂತೆ ತಿದ್ದುತ್ತದೆ. ಬೂದು ರಟ್ಟಿನಲ್ಲಿ 2 ಸೆಂ.ಮೀ. ಚೌಕದ ಕಿಂಡಿ ಕೊರೆದು, ಹಣ್ಣನ್ನು ಅದರ ಮೂಲಕ ನೋಡುತ್ತ ಪಕ್ಕದಲ್ಲೇ ಜಲವರ್ಣ ಕಲಸಿ ಹೊಂದಿಸಿ. ಫೈಲನ್ನು ಮೊದಲಿನಿಂದಲೇ ಸಿಎಂವೈಕೆಯಲ್ಲಿ, ಅಂದರೆ ಅಚ್ಚಿನ ನಾಲ್ಕು ಶಾಯಿಗಳ ಲೆಕ್ಕದಲ್ಲಿ ಮಾಡಿ; ಆರ್‌ಜಿಬಿ ಪರದೆಯ ಬೆಳಕಿನ ಲೆಕ್ಕ. ಆರ್‌ಜಿಬಿಯಲ್ಲಿ ಝಗಮಗಿಸಿದ ಕೆಂಪು ಅಚ್ಚಿನಲ್ಲಿ ಮಂಕಾದರೆ ಅದಕ್ಕೆ ಮಷಿನ್ ಆಪರೇಟರನ್ನು ಬೈಯುವುದು ನ್ಯಾಯವಲ್ಲ.

ಸುತ್ತಲಿನದನ್ನೇ ನೋಡಿ ಮಾಡಿದವರು ಇನ್ನೂ ಇದ್ದಾರೆ. 1938ರ ಹರಿಪುರ ಕಾಂಗ್ರೆಸ್ ಅಧಿವೇಶನಕ್ಕೆ ಗಾಂಧೀಜಿ ಹೇಳಿದರೆಂದು ಚಿತ್ರಕಾರ ನಂದಲಾಲ್ ಬೋಸ್ ಪೋಸ್ಟರುಗಳನ್ನು ಬರೆದರು. ಬಡಗಿ, ವಾದ್ಯ ನುಡಿಸುವವನು, ಮಗು ಎತ್ತಿಕೊಂಡ ತಾಯಿ, ಹೆಚ್ಚಾಗಿ ಇಂಥವರೇ. ಜಪಾನಿನ ರೈಲು ಎಂಜಿನಿಯರ್ ಐಜಿ ನಕಾತ್ಸು ಪಕ್ಷಿವೀಕ್ಷಕರು. ಸುರಂಗದಿಂದ ಹೊರಬರುವಾಗ ರೈಲು ಗುಡುಗುವುದನ್ನು ತಪ್ಪಿಸಲು, ನೀರು ಚಿಮ್ಮಿಸದೆ ಮುಳುಗುವ ಮಿಂಚುಳ್ಳಿಯ ಕೊಕ್ಕನ್ನು ಗಮನಿಸಿದರು. 1997ರಲ್ಲಿ ಓಡಿದ 500 ಸರಣಿಯ ಶಿಂಕಾನ್ಸೆನ್ ರೈಲಿನ ಉದ್ದ ಮೂತಿ ಹಾಗೆ ಬಂದದ್ದು. ನಮ್ಮ ಕೆರೆಗಳಲ್ಲೂ ಮಿಂಚುಳ್ಳಿಗೆ ಕೊರತೆಯಿಲ್ಲ. ಅದರ ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕುವವರಿಗೂ ಕೊರತೆಯಿಲ್ಲ.

ಇಷ್ಟು ಹೇಳಿದ ಮೇಲೆ ಬೋರ್ಡುಗಳ ಮಾತು ಬಿಡಲಾರೆ. ಬೋರ್ಡು ಬರೆಯುವವರು ಚಾಕ್‌ಪುಡಿ ಹಚ್ಚಿದ ದಾರ ಮೀಟಿ ಗೆರೆ ಹಾಕಿ, ಆಮೇಲೆ ಎನಾಮಲ್ ಡಬ್ಬಿ ತೆರೆಯುತ್ತಿದ್ದರು. ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತಕ್ಷರ; ಎತ್ತರವನ್ನು 4 ಪಾಲು ಮಾಡಿ ನಡುವಿನ 2 ಪಾಲು ಅಕ್ಷರದ ಮೈಗೆ, ಮೇಲೆ ಕೆಳಗೆ ಒಂದೊಂದು ಪಾಲು ಬಿಟ್ಟರೆ ಸಾಮಾನ್ಯವಾಗಿ ಎಲ್ಲ ಕೂರುತ್ತದೆ. ಈಗಿನ ಫ್ಲೆಕ್ಸಿನಲ್ಲಿ ಜಾಗ ತುಂಬಿಸಲು ಅಕ್ಷರವನ್ನು ಅಡ್ಡಕ್ಕೆ 130 ಪರ್ಸೆಂಟ್ ಎಳೆಯುತ್ತಾರೆ. ನಿಂತ ಗೆರೆಗಳು ದಪ್ಪವಾಗುತ್ತವೆ, ಮಲಗಿದ ಗೆರೆಗಳು ಇದ್ದಷ್ಟೇ ಇರುತ್ತವೆ, ದುಂಡನೆಯ ಕನ್ನಡಕ್ಕೆ ಬಾವು ಬಂದಂತಾಗುತ್ತದೆ. ಸಾಲಿನ ಅಂತರವನ್ನು ಇಂಗ್ಲಿಷಿನ ಅಳತೆಗೆ, 12 ಪಾಯಿಂಟಿನ ಅಕ್ಷರಕ್ಕೆ 14.4 ಪಾಯಿಂಟ್ ಅಂತರ ಕೊಡುವ ಆಟೋಗೆ ಬಿಟ್ಟು, "ಶಾಸ್ತ್ರ"ದ ಒತ್ತು ಕೆಳಸಾಲಿನ ಗುಡಿಸಿಗೆ ಗುದ್ದುವಂತೆ ಮಾಡುತ್ತಾರೆ. 18 ಇಡಿ. ಪುಟ ಕಟ್ಟುವ ತಂತ್ರಾಂಶವಾದ ಇನ್‌ಡಿಸೈನ್‌ನಲ್ಲಿ ನಮ್ಮ ಲಿಪಿಗಳಿಗೂ ಒಗ್ಗುವ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆ ಆರಿಸದಿದ್ದರೆ ಯೂನಿಕೋಡ್ ಕನ್ನಡದ ಒತ್ತುಗಳೇ ಚೂರಾಗುತ್ತವೆ. ಅದನ್ನು ಹಾಗೇ ಅಚ್ಚು ಹಾಕಿ ಊರಿಗೆಲ್ಲ ಹಂಚಿದ ಆಮಂತ್ರಣಗಳಿವೆ!

ಪ್ಲಾಸ್ಟಿಕ್ ಫ್ಲೆಕ್ಸನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿತು. ಯಾವ ಸರ್ಕಲ್ಲಿನಲ್ಲಿ ನಿಂತು ಬೇಕಾದರೂ ತಲೆಯೆತ್ತಿ ನೋಡಿ. ಚಿಕ್ಕಮಗಳೂರಿನಿಂದ ಬರುವ ಕಾಫಿಪುಡಿ ಪೊಟ್ಟಣಗಳೋ, ಹತ್ತರಲ್ಲಿ ಎಂಟಕ್ಕೆ ಅದೇ ಬೆಟ್ಟ, ಅದೇ ಹಬೆಯಾಡುವ ಕಾಫಿ ಕಪ್. ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ರಿಟೈರಾದರೆ ಆ ಜಾಗಕ್ಕೆ ಇನ್ನೊಬ್ಬರು ಬರುವುದು ಅಪರೂಪ, ಆ ಪೀರಿಯಡ್ಡಿಗೆ ಗಣಿತದವರು ಬಂದು ಪೋರ್ಷನ್ ಮುಗಿಸುತ್ತಾರೆ. ಗಿರಾಕಿ ಬೆಳಿಗ್ಗೆ ಆರ್ಡರ್ ಕೊಟ್ಟು ಸಂಜೆಗೇ ಕೇಳುತ್ತಾನೆ, ಮಾಲೀಕರು ಹೂಂ ಅನ್ನುತ್ತಾರೆ. ಇಂಥದ್ದರ ನಡುವೆ ನೀವು ಪರದೆಯಿಂದ ಎತ್ತಿಕೊಳ್ಳುವುದು ಯಾಕೆಂದು ಅರ್ಥವಾಗದಷ್ಟು ಕಲ್ಲುಮನಸ್ಸು ನಮ್ಮದಲ್ಲ. ಆದರೂ ಪಿಂಟರೆಸ್ಟಿನ ಹೊತ್ತಿನಲ್ಲಿ ಇಪ್ಪತ್ತು ನಿಮಿಷ ಕದ್ದು, ಎ5 ಪುಸ್ತಕ, 2ಬಿ ಪೆನ್ಸಿಲ್, 15 ಸೆಂ.ಮೀ. ಸ್ಕೇಲ್ ಹಿಡಿದು ದಿನಕ್ಕೊಂದು ವಸ್ತು ಬರೆಯಿರಿ. ಅಳತೆ ಹಾಕಿ. ಯಾವ ಸಲಕರಣೆಯಿಂದ, ಯಾವ ಕ್ರಮದಲ್ಲಿ ಮಾಡಿದ್ದಾರೆ ಎಂದು ಪಕ್ಕದಲ್ಲಿ ಬರೆದಿಡಿ. ಸಂತೆಯಲ್ಲಿ ಮೇದರು ಹೆಣೆದ ಮೊರದಿಂದ ಶುರು ಮಾಡಬಹುದು: ಎರಡು ಎಳೆ ಮೇಲೆ, ಎರಡು ಕೆಳಗೆ, ಸಾಲಿಗೊಂದು ಎಳೆ ಪಕ್ಕಕ್ಕೆ ಸರಿಸಿದರೆ ಓರೆಪಟ್ಟೆ. ಪೊಟ್ಟಣದ ಹಿಂಬದಿಗೆ ಇಡೀ ವಿನ್ಯಾಸವೇ ಸಿಕ್ಕಿತು.

ಬೆಂಗಳೂರಿನ ಮಾತು: ಸಂಬಳ ಹೆಚ್ಚೆಂದು ಹೋಗುವುದಾದರೆ ಧಾರಾಳವಾಗಿ ಹೋಗಿ, ಅದಕ್ಕೆ ನಮ್ಮ ತಕರಾರಿಲ್ಲ. ನೋಡಲು ಏನೂ ಇಲ್ಲವೆಂದು ಹೋಗುವುದಾದರೆ ಮೊದಲು ಮೊಸಳೆಗೆ ಹೋಗಿಬನ್ನಿ.

ನೀವು ಕಳಿಸಿದ ಲೇಬಲ್ಲಿನಲ್ಲಿ "ಚಿಕ್ಕಮಗಳೂರು" ಪದದ ಒತ್ತು ಕೆಳಗಿನ ಚಿನ್ನದ ಗೆರೆಗೆ ತಾಗಿದೆ. ಗೆರೆಯನ್ನು 2 ಮಿ.ಮೀ. ಕೆಳಗಿಳಿಸಿ, ಫಾಯಿಲ್ ಒತ್ತುವ ಅಚ್ಚು (ಬ್ಲಾಕ್) ಮಾಡಿಸುವ ಮೊದಲೇ.

— ಸಂಪಾದಕ