ಓದುಗರ ಪ್ರಶ್ನೆ: ಗಿರಣಿಯೂರಿನ ನೀರು

ಇಂಗ್ಲೆಂಡಿನ ಕ್ರಾಮ್‌ಫರ್ಡ್ ಸಣ್ಣ ಹಳ್ಳಿ. ಹತ್ತಿ ಬೆಳೆಯದ, ಬಂದರಿಲ್ಲದ ಅಲ್ಲಿ ನೂಲಿನ ಗಿರಣಿ ಏಕೆ ಬಂತು? – ಓದುಗರು, ಅರಸೀಕೆರೆ

ನೀರಿಗಾಗಿ. ಡರ್ಬಿಷೈರ್‌ನ ಆ ಊರಿನ ಗುಡ್ಡಗಳಲ್ಲಿ ಸೀಸದ ಗಣಿಗಳಿದ್ದವು. ಗಣಿಯ ನೀರು ಬಸಿಯಲೆಂದು ಕೊರೆದ ಸುರಂಗದಿಂದ ವರ್ಷವಿಡೀ ನೀರು ಬರುತ್ತಿತ್ತು. ನೆಲದಾಳದ್ದಾದ್ದರಿಂದ ತುಸು ಬೆಚ್ಚಗಿದ್ದು, ಚಳಿಗಾಲದಲ್ಲೂ ಹೆಪ್ಪುಗಟ್ಟುತ್ತಿರಲಿಲ್ಲ. ಇದನ್ನೂ ಬಾನ್‌ಸಾಲ್ ಹಳ್ಳವನ್ನೂ ನಂಬಿ ರಿಚರ್ಡ್ ಆರ್ಕ್‌ರೈಟ್ 1771ರಲ್ಲಿ ಗಿರಣಿ ಕಟ್ಟಿದ. ಕೊರತೆಯಿದ್ದದ್ದು ಆಳುಗಳದ್ದು. ಹಲ್ಲುಚಕ್ರ ಕಡೆಯಲು ಗಡಿಯಾರ ಮಾಡುವವರು ಬೇಕೆಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟ. 1776ರಲ್ಲಿ ನಾರ್ತ್ ಸ್ಟ್ರೀಟ್‌ನಲ್ಲಿ ಮೂರಂತಸ್ತಿನ ಮನೆಗಳ ಸಾಲು ಎದ್ದಿತು. ಮೇಲಂತಸ್ತಿಗೆ ಮಾತ್ರ ಅಗಲವಾದ ಕಿಟಕಿ: ಮಗ್ಗಕ್ಕೆ ಬೆಳಕು ಬೇಕಲ್ಲ! ಹೆಂಗಸರು, ಮಕ್ಕಳು ಗಿರಣಿಗೆ, ಅಪ್ಪ ಅಟ್ಟದ ಮಗ್ಗಕ್ಕೆ. ಒಂದು ಮನೆ ಬಾಡಿಗೆಗೆ ಕೊಟ್ಟು ಇಡೀ ಕುಟುಂಬದ ದುಡಿಮೆ ಪಡೆಯುವ ಲೆಕ್ಕಾಚಾರ.

ಆರ್ಕ್‌ರೈಟ್‌ನ ಗಿರಣಿಯ ನೂಲುವ ಯಂತ್ರಕ್ಕೂ ನಮ್ಮ ರಾಟೆಗೂ ಏನು ವ್ಯತ್ಯಾಸ? – ಓದುಗರು, ಬೇಲೂರು

ರಾಟೆಯಲ್ಲಿ ಹಂಜಿಯನ್ನು (ನೂಲಲು ಸುತ್ತಿಟ್ಟ ಹತ್ತಿಯನ್ನು) ಜಗ್ಗುವುದು ಬೆರಳು. ಅಲ್ಲಿ ರೋಲರ್ ಜೋಡಿಗಳು. ಪ್ರತಿ ಜೋಡಿಯೂ ಹಿಂದಿನದಕ್ಕಿಂತ ಬೇಗ ತಿರುಗುವುದರಿಂದ ಹಂಜಿ ತೆಳ್ಳಗಾಗುತ್ತಾ ಬಂದು, ಕೊನೆಗೆ ಕದಿರಿನಲ್ಲಿ ಹುರಿಗೊಳ್ಳುತ್ತದೆ. ಕುಶಲತೆಯೆಲ್ಲ ಜೋಡಿಗಳ ನಡುವಿನ ಅಂತರದಲ್ಲಿದೆ. ಅದು ನಾರಿನ ಉದ್ದಕ್ಕಿಂತ ಕಡಿಮೆಯಾದರೆ ಎರಡೂ ತುದಿ ಸಿಕ್ಕಿಕೊಂಡು ನಾರು ಹರಿಯುತ್ತದೆ. ತೀರಾ ಹೆಚ್ಚಾದರೆ ನಾರಿಗೆ ಹಿಡಿತವೇ ಇಲ್ಲದೆ ನೂಲು ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಸರಿಯಾಗಿ ಬಂದ ನೂಲು ಬಟ್ಟೆಯ ಹೊಕ್ಕಿಗಷ್ಟೇ (ಅಡ್ಡ ಎಳೆ) ಅಲ್ಲ, ಹಾಸಿಗೂ (ಉದ್ದ ಎಳೆ) ತಡೆಯುವಷ್ಟು ಗಟ್ಟಿ.

ನಮ್ಮ ತೋಟದ ಹಳ್ಳಕ್ಕೆ ಆ ಗಿರಣಿಯಂತೆ ನೀರಿನ ಚಕ್ರ ಕೂರಿಸಿ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಓಡಿಸಬಹುದೇ? – ಓದುಗರು, ಮೂಡಿಗೆರೆ

ಮೊದಲು ಅಳೆಯಿರಿ, ಅದೂ ಫೆಬ್ರವರಿಯಲ್ಲಿ. ಆಗಸ್ಟಿನ ಹಳ್ಳ ನೋಡಿದರೆ ಯಾರಿಗೂ ಆಸೆಯಾಗುತ್ತದೆ. ನೀರನ್ನು ಪೈಪಿನಲ್ಲಿ ತಿರುಗಿಸಿ 200 ಲೀಟರ್ ಡ್ರಮ್ಮಿಗೆ ಬಿಡಿ. 20 ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ 10 ಲೀಟರ್. ಅದನ್ನು ನೀರು ಬೀಳುವ ಎತ್ತರದಿಂದಲೂ (ಮೀಟರಿನಲ್ಲಿ) 9.8ರಿಂದಲೂ ಗುಣಿಸಿ. 4 ಮೀಟರ್ ಇದ್ದರೆ 392 ವಾಟ್. ಚಕ್ರ, ಬೆಲ್ಟುಗಳಲ್ಲಿ ಕಳೆದು ಕೈಗೆ ಸಿಗುವುದು ಸುಮಾರು 235. ಕೈಪಲ್ಪರಿಗೆ ಸಾಕು, ಒಂದು ಎಚ್‌ಪಿ (746 ವಾಟ್) ಮೋಟರಿನ ಪಲ್ಪರಿಗೆ ಸಾಲದು. ಮೇಲಿನಿಂದ ನೀರು ಬೀಳುವ ಚಕ್ರವಾದರೆ ಅದರ ಬುಡ ಕೆಳಗಿನ ನೀರಿಗೆ ತಾಗಕೂಡದು, ತಾಗಿದರೆ ಎಳೆತ ಹೆಚ್ಚಿ ವೇಗ ಇಳಿಯುತ್ತದೆ. ಪೈಪಿನ ಬಾಯಿಗೆ ಜಾಲರಿ ಹಾಕಿ, ಎಲೆಗಳನ್ನು ದಿನವೂ ತೆಗೆಯಿರಿ.

ಮೇಲುಭಾಗದಲ್ಲಿ ಯಾರಾದರೂ ಹೊಸ ಬೋರ್‌ವೆಲ್ ಅಥವಾ ಕೆರೆ ತೆಗೆಯುತ್ತಾರೆಯೇ ಎಂದೂ ವಿಚಾರಿಸಿ. 1840ರ ದಶಕದಲ್ಲಿ ಇನ್ನೂ ಆಳದ ಮತ್ತೊಂದು ಗಣಿ ಸುರಂಗ ನೀರನ್ನು ಎಳೆದುಕೊಂಡದ್ದರಿಂದಲೇ ಕ್ರಾಮ್‌ಫರ್ಡ್ ಗಿರಣಿ ಸೊರಗಿದ್ದು. ಅದೇ ಆರ್ಕ್‌ರೈಟ್ 1783ರಲ್ಲಿ ಡರ್ವೆಂಟ್ ನದಿಯ ದಂಡೆಯಲ್ಲೇ ಕಟ್ಟಿದ ಮ್ಯಾಸನ್ ಗಿರಣಿ 1991ರವರೆಗೂ ಓಡಿತು.